ಕೈಗೆಟುಕುವಷ್ಟು ದೂರ

ನಮ್ಮ ಮಾಣಿ, ಅಂದರೆ ನನ್ನ ಮಗ, ಬಿದ್ದದ್ದು ಮನೆ ಎದುರಿನ ಹಳ್ಳದ ಸಂಕದ (ಕಾಲುಸೇತುವೆಯ) ಮೇಲಿಂದ. ಆಷಾಢದ ಮಳೆ, ಅಡಿಕೆ ಮರದ ಸಂಕ, ಮೇಲೆ ಹಾವಸೆ. ದಿನಕ್ಕೆ ಎರಡು ಸಲ ದಾಟುವ ಸಂಕವೇ. ಅವತ್ತು ಮಾತ್ರ ಸೈಕಲ್ಲನ್ನು ಹೆಗಲಿಗೆ ಹಾಕಿಕೊಂಡು ದಾಟಲು ಹೋಗಿದ್ದ. ಎಂಟು ಅಡಿ ಕೆಳಗೆ ಕಲ್ಲು. ಬಲಗಾಲಿನ ತೊಡೆಮೂಳೆ ನಡುವಿಗೇ ಮುರಿದಿತ್ತು. ಅವನಿಗೆ 13 ವರ್ಷ.

ಶಿರಸಿಯಲ್ಲಿ ಕಾಲಿಗೆ ಹಲಗೆ ಕಟ್ಟಿ ಎಕ್ಸ್‌ರೇ ತೆಗೆದರು. ಗುರುತಿನ ಮೂಳೆ ಡಾಕ್ಟರು ಘಟ್ಟದ ಕೆಳಗೆ ಇದ್ದರು. ಹಾಗಾಗಿ ಆಂಬ್ಯುಲೆನ್ಸಿನಲ್ಲಿ ದೇವಿಮನೆ ಘಟ್ಟ ಇಳಿದೆವು. ಒಂದೊಂದು ತಿರುವಿಗೂ ಅವನ ಕೈ ನನ್ನ ಮೊಣಕೈಯನ್ನು ಹಿಂಡುತ್ತಿತ್ತು, ಬಾಯಿಂದ ಒಂದು ಶಬ್ದವಿಲ್ಲ. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಅಲ್ಲಿದ್ದ 11 ದಿನಗಳಲ್ಲಿ ಆದ ತಪ್ಪುಗಳಲ್ಲಿ ದೊಡ್ಡ ಪಾಲು ನನ್ನದೇ ಆಗಿರುವುದರಿಂದ ಹೆಸರು ಹಾಕಿ ಪ್ರಯೋಜನವೂ ಇಲ್ಲ.

ಮೊದಲ ದಿನದ ಒಂದು ತಮಾಷೆ ಹೇಳಿಬಿಡುತ್ತೇನೆ. ಡ್ಯೂಟಿಯಲ್ಲಿದ್ದ ಸಿಸ್ಟರ್ ಕಾರವಾರದ ಕಡೆಯವರು. "ನೋವು ಇದ್ಯಾ ಮರೀ?" ಅಂತ ಕೇಳಿದರು. ಇವನು ನಮ್ಮ ಮನೆ ಮಾತಿನಲ್ಲಿ "ಇಲ್ಲೆ" ಅಂದ. ನಮ್ಮಲ್ಲಿ ಇಲ್ಲೆ ಅಂದರೆ ಇಲ್ಲ. ಅವರಿಗೆ ಅದು 'ಇಲ್ಲೇ' ಎಂದು ಕೇಳಿಸಿತು. ತೊಡೆಯ ಹತ್ತಿರ ಬೆರಳಿಟ್ಟು "ಇಲ್ಲಿಯಾ? ಇಲ್ಲಿಯಾ?" ಎಂದು ಮೆಲ್ಲಗೆ ಒತ್ತುತ್ತಾ ಬಂದರು. ಇವನು ಒಂದೊಂದು ಒತ್ತಿಗೂ "ಇಲ್ಲೆ, ಇಲ್ಲೆ" ಅನ್ನುತ್ತಾ ಹೋದ. ನಾನು ನಡುವೆ ಬಾಯಿ ಹಾಕಿ ಅರ್ಥ ಬಿಡಿಸಿ ಹೇಳಿದ ಮೇಲೆ ಅವರು ನಕ್ಕರು. ಅವನೂ ನಕ್ಕ. ಆ ನಗೆಯ ಹಿಂದಿದ್ದ ಸುಳ್ಳು ನನಗೆ ಗೊತ್ತಾದದ್ದು ಸಂಜೆ, ನಾನು ಔಷಧಿ ತರಲು ಕೆಳಗೆ ಹೋದಾಗ. ತಿರುಗಿ ಬರುವಷ್ಟರಲ್ಲಿ ಸಿಸ್ಟರ್ ನೋವಿನ ಇಂಜೆಕ್ಷನ್ ಕೊಡುತ್ತಿದ್ದರು. ಸೊನ್ನೆಯಿಂದ ಹತ್ತರೊಳಗೆ ಎಷ್ಟು ನೋವು ಅಂತ ಕೇಳಿದ್ದಕ್ಕೆ ಎಂಟು ಅಂದನಂತೆ. ನಾನು ಎದುರಿಗಿದ್ದಾಗ ಸೊನ್ನೆ, ಮೆಟ್ಟಿಲು ಇಳಿದ ಕೂಡಲೇ ಎಂಟು.

ಕಾಲು ಮುರಿದರೆ ನಡೆಯಲಿಕ್ಕಾಗುವುದಿಲ್ಲ, ಅದು ಯಾರಿಗೆ ಬೇಕಾದರೂ ತಿಳಿಯುತ್ತದೆ. ಅದರ ಜೊತೆಗೆ ಇನ್ನೇನೇನು ಆಗುವುದಿಲ್ಲ ಎನ್ನುವುದು ಒಂದೊಂದಾಗಿ ಗಂಟೆಗಳ ಮೇಲೆ ಬಿಚ್ಚಿಕೊಳ್ಳುತ್ತದೆ. ಮಗ್ಗುಲಾಗುವ ಹಾಗಿಲ್ಲ, ಕಾಲಿಗೆ ಪಟ್ಟಿ ಸುತ್ತಿ ಹಗ್ಗ ಕಟ್ಟಿ ಮಂಚದ ತುದಿಯಲ್ಲಿ ತೂಕ ಇಳಿಬಿಟ್ಟಿದ್ದಾರೆ. ಮಂಚದ ಕಾಲ ಕಡೆಯನ್ನು ಎತ್ತರಿಸಿದ್ದಾರೆ, ತಲೆ ತಗ್ಗಿನಲ್ಲಿದೆ. ಕಿಟಕಿ ಬೆನ್ನ ಹಿಂದಿದೆ, ಹೊರಗೆ ಮಳೆ ಬರುತ್ತಿದೆಯಾ ಎನ್ನುವುದನ್ನೂ ಇನ್ನೊಬ್ಬರ ಹತ್ತಿರ ಕೇಳಬೇಕು. ಫ್ಯಾನ್ ಜೋರಾಯಿತು ಅಂದರೆ ಕೇಳಬೇಕು, ಮೂಗು ಒರೆಸಲು ಕರವಸ್ತ್ರ ಕೇಳಬೇಕು. ಆಪರೇಷನ್ ಮರುದಿನವೇ ಅಂದಿದ್ದರು. ಆದರೆ ಅವನಿಗೆ ಹಳ್ಳದ ನೀರಿನಲ್ಲಿ ನೆನೆದು ಜ್ವರ, ಕಫ. ಅರಿವಳಿಕೆ ಕೊಡುವ ಡಾಕ್ಟರು ಎದೆ ಸರಿಯಾಗುವ ತನಕ ಆಗುವುದಿಲ್ಲ ಎಂದರು. ನಾಲ್ಕು ದಿನ ಹಾಗೇ ಕಟ್ಟಿಹಾಕಿಸಿಕೊಂಡು ಮಲಗಿದ.

ಎರಡನೇ ದಿನ ಮಧ್ಯಾಹ್ನ ಸಿಸ್ಟರ್ ನನ್ನನ್ನು ಪಕ್ಕಕ್ಕೆ ಕರೆದು "ನೀರು ಕುಡೀತಾ ಇಲ್ವಾ ಅವ್ನು?" ಎಂದರು. ಮೂತ್ರ ಕಡಿಮೆ, ಬಣ್ಣ ದಟ್ಟ. ಕುಡಿಯುತ್ತಾನಲ್ಲ, ನಾನೇ ಬಾಟಲಿ ತುಂಬಿಸಿ ಇಡುತ್ತಿದ್ದೇನೆ ಎಂದೆ. ಆಮೇಲೆ ನೋಡಿದರೆ ತಲೆದಿಂಬಿನ ಪಕ್ಕದ ಆ ಬಾಟಲಿ ತುಂಬಿದ್ದು ತುಂಬಿದ ಹಾಗೇ ಇತ್ತು. ಹಿಂದಿನ ಸಂಜೆಯಿಂದ ಅವನು ನೀರಿಗೆ ಬಾಯಿ ಇಟ್ಟಿರಲಿಲ್ಲ. ಕುಡಿದರೆ ಹೊಯ್ಯಬೇಕು. ಹೊಯ್ಯಬೇಕೆಂದರೆ ಅಮ್ಮನಿಗೆ ಹೇಳಬೇಕು, ಅಮ್ಮ ಎದ್ದು ಕಾರಿಡಾರಿನ ತುದಿಗೆ ಹೋಗಿ ಆಯಾಳನ್ನು ಕರೆಯಬೇಕು, ಅವಳು ಬರುತ್ತಾ "ಯಾರಿಗೆ? ಆ ಕಾಲು ಮುರುಕಂಡ ಹುಡುಗಂಗಾ?" ಎಂದು ವಾರ್ಡಿಗೆಲ್ಲ ಕೇಳುವ ಹಾಗೆ ಕೂಗಬೇಕು, ಎಂಟು ಮಂಚದವರು ತಿರುಗಿ ನೋಡಬೇಕು. ಐದು ವರ್ಷದಿಂದ ಬಚ್ಚಲಿನ ಬಾಗಿಲು ಹಾಕಿಕೊಂಡು ಮೀಯುವ ಹುಡುಗ ಅವನು. ಇದನ್ನೆಲ್ಲ ಲೆಕ್ಕ ಹಾಕಿ, ಬಾಯಾರಿಕೆಯೇ ಮೇಲು ಎಂದು ತೀರ್ಮಾನ ಮಾಡಿಕೊಂಡಿದ್ದ.

ನಾನು ಏನು ಮಾಡಿದೆ? ಬೈದೆ. ನಾಚಿಕೆ ಎಂತದು, ಹೆತ್ತವಳ ಹತ್ತಿರ ನಾಚಿಕೆಯಾ ಅಂದೆ. ಇದಕ್ಕಿಂತ ನಿರುಪಯೋಗಿ ಮಾತು ಇನ್ನೊಂದಿರಲಿಕ್ಕಿಲ್ಲ. ಅವನು ಗೋಡೆ ಕಡೆ ಮುಖ ಮಾಡಿದ. ತಿರುಗಿಸಲು ಅವನಿಗೆ ಉಳಿದಿದ್ದದ್ದು ಅದೊಂದೇ.

ಬಗೆಹರಿಸಿದ್ದು ರಾತ್ರಿ ಪಾಳಿಯ ವಾರ್ಡ್ ಬಾಯ್. ಬಾಯ್ ಅನ್ನುವುದು ಹುದ್ದೆಗೆ ಮಾತ್ರ, ಮೊಮ್ಮಕ್ಕಳಿದ್ದ ಮನುಷ್ಯ. ಆತ ಒಂದು ಯೂರಿನ್ ಬಾಟಲಿ ತೊಳೆದು ತಂದು, ಹಳೇ ಪಂಚೆಯ ತುಂಡಿನಿಂದ ಅದಕ್ಕೊಂದು ಜೋಳಿಗೆ ಕಟ್ಟಿ, ಮಂಚದ ಎಡಗಡೆಯ ಸರಳಿಗೆ ನೇತುಹಾಕಿದ. ಮಾಣಿಯ ಕೈಯನ್ನು ಹಿಡಿದು ಆ ಜೋಳಿಗೆಯ ಬಾಯಿಗೆ ಮುಟ್ಟಿಸಿ ತೋರಿಸಿದ. "ಇದು ನಿನ್ನದು. ಯಾರನ್ನೂ ಕೇಳೂದು ಬೇಡ. ಆದ್ಮೇಲೆ ಇಲ್ಲೇ ಹಾಕು, ನಾ ಬರ್ತಾ ಹೋಗ್ತಾ ತಕ್ಕಂಡ್ ಹೋಗ್ತೆ, ನಿಂಗೆ ಹೇಳೂದಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಅಮ್ಮಾ, ನೀವು ರಾತ್ರಿ ಆ ಬದಿಗೆ ಮಲಕಣಿ" ಎಂದು ಬಲಗಡೆಯ ಬೆಂಚು ತೋರಿಸಿದ. ರಾತ್ರಿ ಒಂದೂವರೆಗೆ ಅವನು ಗಟಗಟ ನೀರು ಕುಡಿಯುವ ಸದ್ದು ಕೇಳಿಸಿತು. ನಾನು ನಿದ್ದೆ ಬಂದವಳ ಹಾಗೆ ಮಲಗಿದ್ದೆ.

ಎರಡು ಅಡಿ ಅಷ್ಟೇ. ಕಾರಿಡಾರಿನ ತುದಿಯಲ್ಲಿದ್ದ ವಸ್ತು ಎರಡು ಅಡಿಗೆ ಬಂತು. ಮರುದಿನ ನಾನು ಆ ಮಂಚದ ಸುತ್ತ ನೋಡುವ ರೀತಿಯೇ ಬದಲಾಯಿತು. ಮೊಬೈಲಿನ ಚಾರ್ಜರ್ ಕೈಗೆ ಸಿಗುತ್ತದಾ? ಕರೆಗಂಟೆಯ ಗುಂಡಿ ಸಿಗುತ್ತದಾ? (ಇತ್ತು, ಗೋಡೆಯ ಮೇಲೆ, ಆರೋಗ್ಯವಂತರಿಗೆ ಮಾತ್ರ ಎಟುಕುವ ಎತ್ತರದಲ್ಲಿ.) ನೀರಿಗೆ ಸ್ಟ್ರಾ, ಕನ್ನಡಿ, ಬಾಚಣಿಗೆ, ಕಸ ಹಾಕಲು ಒಂದು ಕವರು, ಎಲ್ಲವನ್ನೂ ಅವನೇ ಒಂದೊಂದಾಗಿ ಜಾಗ ಹೇಳಿ ಇಡಿಸಿಕೊಂಡ. ಕನ್ನಡಿ ಯಾತಕ್ಕೆ ಅಂದುಕೊಂಡೆ. ಬೆನ್ನ ಹಿಂದಿನ ಕಿಟಕಿಗೆ! ಅದನ್ನು ಓರೆಯಾಗಿ ಹಿಡಿದರೆ ಒಂದು ತೆಂಗಿನ ಮರದ ತಲೆ, ಅಷ್ಟು ಮೋಡ ಕಾಣುತ್ತಿತ್ತು. ಮಳೆ ಬರುತ್ತಿದೆಯಾ ಎಂದು ಮತ್ತೆ ಕೇಳಲಿಲ್ಲ.

ಕೈಯ ವಿಷಯ ಬಂದದ್ದರಿಂದ ಇನ್ನೊಂದು ಹೇಳಬೇಕು. ಬಂದ ದಿನ ಗಡಿಬಿಡಿಯಲ್ಲಿ ಡ್ರಿಪ್ಪಿನ ಸೂಜಿಯನ್ನು ಅವನ ಬಲಗೈಗೆ ಹಾಕಿದ್ದರು. ನರ ಅಲ್ಲಿ ಚೆನ್ನಾಗಿ ಕಂಡಿತಂತೆ. ಬಲಗೈಯೇ ಉಣ್ಣುವ ಕೈ, ಬರೆಯುವ ಕೈ. ಮಡಚಿದರೆ ಡ್ರಿಪ್ ನಿಲ್ಲುತ್ತದೆ ಅನ್ನುವ ಹೆದರಿಕೆಗೆ ಅದನ್ನು ಚಾಚಿಕೊಂಡೇ ಇರುತ್ತಿದ್ದ. ಹಾಗಾಗಿ ನಾನು ಉಣಿಸಿದೆ. ಗಂಜಿ, ತೊವ್ವೆ ಅನ್ನ, ಮಾವನ ಮನೆಯಿಂದ ಬಂದ ತಂಬುಳಿ. ಆರು ವರ್ಷದ ನಂತರ ಅವನ ಬಾಯಿಗೆ ತುತ್ತು ಇಡುತ್ತಿದ್ದೆ. ಇದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ, ನನಗೆ ಅದು ಇಷ್ಟವಾಗಿತ್ತು. ಮಗನಿಗೆ ಕಾಲು ಮುರಿದಿದೆ, ಎದೆಯಲ್ಲಿ ಬೆಂಕಿ, ಅದರ ನಡುವೆಯೂ ಎಲ್ಲೋ ಒಂದು ಮೂಲೆಯಲ್ಲಿ ನಮ್ಮ ಮಗು ತಿರುಗಿ ಬಂತಲ್ಲ ಎಂಬ ಸಣ್ಣ ಸುಖ. ಈ ಸುಖ ಬಹಳ ಅಪಾಯದ್ದು. ಅದು ಬೇಡದ ಕಡೆಯೆಲ್ಲ ಕೈ ಹಾಕಿಸುತ್ತದೆ. ಎಡಗೈಯಲ್ಲಿ ಚಮಚ ಹಿಡಿಯಲು ಅವನಿಗೆ ಬರುತ್ತಿತ್ತು, ನಾನು ಚಮಚ ಕೊಡಲಿಲ್ಲ ಅಷ್ಟೇ. ಹಲ್ಲು ನಾನೇ ತಿಕ್ಕಿದೆ. ತಲೆ ಬಾಚಿದೆ, ಅದೂ ಅವನು ಬಿಟ್ಟು ಎರಡು ವರ್ಷವಾದ ಎಡ ಬೈತಲೆ ತೆಗೆದು.

"ಅಮಾ, ಆನೇ ಉಣ್ತಿ" ಅಂದ ಮೂರನೇ ದಿನ, ನಾನೇ ಉಣ್ಣುತ್ತೇನೆ ಎಂದು. ಸಿಟ್ಟಿನಿಂದಲ್ಲ. ಅದೇ ಹೊತ್ತಿಗೆ ಸೂಜಿ ಹಾಕಿದ ಜಾಗ ಬಾತು, ಬದಲಿಸಬೇಕಾಗಿ ಬಂತು. ಬಂದದ್ದು ಅದೇ ಕಾರವಾರದ ಸಿಸ್ಟರ್. ಟ್ರೇ ಇಟ್ಟು ಕೂತು, ಅವನನ್ನೇ ನೋಡುತ್ತಾ, "ಯಾವ ಕೈಯಲ್ಲಿ ಬರೀತೆ ನೀನು?" ಎಂದರು. ಇವನು ಬಲಗೈ ಎತ್ತಿದ. ಅವರು ಎಡಗೈಯ ಮಣಿಕಟ್ಟಿನ ಮೇಲೆ, ಬೆರಳು ಆಡಿಸಲು ಬರುವ ಹಾಗೆ ಹಾಕಿದರು. ಮೊದಲು ತೋಳಿಗೆ ರಬ್ಬರ್ ಕಟ್ಟಿ, "ಮೂರು ಎಣಿಸಲಾ, ನೀನೇ ಎಣಿಸ್ತೀಯಾ?" ಎಂದು ಕೇಳಿದರು. ಅವನು ಎಣಿಸಿದ. ಎರಡೂವರೆಗೆ ಸ್ವಲ್ಪ ನಿಂತ. ಅವರೂ ನಿಂತರು.

ಕೇಳುವುದರಲ್ಲಿ ಎರಡು ಜಾತಿ ಇದೆ ಎಂದು ಆ ವಾರ್ಡಿನಲ್ಲಿ ಕಲಿತೆ. "ಇಂಜೆಕ್ಷನ್ ಕೊಡ್ಲಾ ಪುಟ್ಟಾ?" ಎನ್ನುವುದು ಕೇಳಿದ್ದಲ್ಲ. ಬೇಡ ಎಂದರೂ ಕೊಡುವುದೇ. ಪಕ್ಕದ ಮಂಚದಲ್ಲಿ ನ್ಯುಮೋನಿಯಾ ಆದ ನಾಲ್ಕು ವರ್ಷದ ಹುಡುಗಿ ಇದ್ದಳು. ಅವಳು ಒಂದೊಂದು ಸಲವೂ ನಂಬಿ "ಬ್ಯಾಡಾ" ಎನ್ನುತ್ತಿದ್ದಳು. ಒಂದೊಂದು ಸಲವೂ ಇಬ್ಬರು ಸೇರಿ ಅವಳ ಕೈ ಹಿಡಿಯುತ್ತಿದ್ದರು. ಎರಡು ದಿನದಲ್ಲಿ ಅವಳು ಬಿಳಿ ಬಟ್ಟೆ ಕಂಡರೇ ಕೂಗುವ ಹಾಗಾದಳು, ಊಟದ ಟ್ರಾಲಿ ತರುವವನನ್ನು ಕಂಡೂ. ಮನೆಯಲ್ಲಿ ಚಡ್ಡಿ ಒದ್ದೆ ಮಾಡುವುದನ್ನು ಬಿಟ್ಟು ವರ್ಷವಾದ ಮಗು ಇಲ್ಲಿ ಹಾಸಿಗೆಯಲ್ಲಿ ಹೊಯ್ಯತೊಡಗಿತು. ಅಜ್ಜಿ ಗದರುತ್ತಿದ್ದರು. ಮಕ್ಕಳ ಡಾಕ್ಟರು ಬಂದು, "ಬೈಬೇಡಿ, ಆಸ್ಪತ್ರೆಗೆ ಬಂದ ಮಕ್ಕಳು ಹೀಗೆ ಒಂದು ಮೆಟ್ಟಿಲು ಕೆಳಗೆ ಇಳಿತಾರೆ, ಮನೆಗೆ ಹೋಗಿ ಸ್ವಲ್ಪ ದಿನಕ್ಕೆ ಮತ್ತೆ ಹತ್ತುತಾರೆ" ಎಂದರು. ಅವರೇ ನೆಬುಲೈಸರ್ ಯಂತ್ರದ ಸ್ವಿಚ್ಚನ್ನು ಆ ಹುಡುಗಿಯ ಕೆಲಸ ಮಾಡಿದರು. ಮಾಸ್ಕು ಹಾಕುವುದೋ ಬೇಡವೋ ಎಂದು ಅವಳನ್ನು ಕೇಳಲೇ ಇಲ್ಲ, ಅದು ಆಗಲೇಬೇಕಾದದ್ದು. ಆದರೆ ಯಂತ್ರ ಶುರುವಾಗುವುದು ಅವಳು ಒತ್ತಿದಾಗ, ನಿಲ್ಲುವುದು ಹೊಗೆ ಮುಗಿದ ಮೇಲೆ ಅವಳು ಒತ್ತಿದಾಗ. ಅವಳ ಕೈಯಿಂದ ಸ್ವಿಚ್ ಕಸಿದುಕೊಂಡ ತಮ್ಮನಿಗೆ ಬಿದ್ದ ಏಟಿನ ಸದ್ದು ವಾರ್ಡಿಗೆಲ್ಲ ಕೇಳಿಸಿತ್ತು.

ಮನೆಗೆ ಬಂದ ಮೇಲೆ ಇದರ ಬಗ್ಗೆ ಒಂದಿಷ್ಟು ಓದಿದೆ. ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಮಕ್ಕಳನ್ನು ಆಸ್ಪತ್ರೆಗೆ ಸೇರಿಸಿದರೆ ತಂದೆತಾಯಿ ಬಂದು ನೋಡಲೂ ಲೆಕ್ಕದ ಹೊತ್ತು ಮಾತ್ರ ಇರುತ್ತಿತ್ತು. ಬಂದು ಹೋದರೆ ಮಗು ಅಳುತ್ತದೆ, ಬಾರದಿದ್ದರೆ ಸುಮ್ಮನಿರುತ್ತದೆ ಎಂಬ ತರ್ಕ. 1952ರಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬಾತ, ಹರ್ನಿಯಾ ಆಪರೇಷನ್ನಿಗೆಂದು ಎಂಟು ದಿನ ಒಂಟಿಯಾಗಿ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಹುಡುಗಿಯ ಚಿತ್ರೀಕರಣ ಮಾಡಿ ವೈದ್ಯರಿಗೆ ತೋರಿಸಿದ. ಸುಮ್ಮನಿರುವ ಮಗು ಸಮಾಧಾನದಿಂದ ಇರುವ ಮಗುವಲ್ಲ ಎನ್ನುವುದು ಅದರಲ್ಲಿ ಕಣ್ಣಿಗೆ ಕಾಣುತ್ತಿತ್ತು. ವೈದ್ಯರು ಮೊದಲು ಸಿಟ್ಟಾದರು. 1959ರಲ್ಲಿ ಪ್ಲಾಟ್ ಸಮಿತಿಯ ವರದಿ ತಂದೆತಾಯಿಗೆ ಹೊತ್ತಿನ ಕಟ್ಟಳೆ ಬೇಡ, ಸಣ್ಣ ಮಕ್ಕಳ ಜೊತೆ ತಾಯಿ ಉಳಿಯಲು ಜಾಗ ಇರಲಿ ಎಂದಿತು.

ಓದುತ್ತಾ ನಗು ಬಂತು. ನಮ್ಮ ಸಮಸ್ಯೆ ತದ್ವಿರುದ್ಧ. ನಮ್ಮ ಮಕ್ಕಳಿಗೆ ಆಸ್ಪತ್ರೆಯಲ್ಲಿ ಒಂದು ಗಳಿಗೆ ಒಂಟಿಯಾಗಿ ಇರಲು ಬಿಡುವವರೇ ಇಲ್ಲ. ಕುಮಟೆಯ ಅತ್ತೆ, ಹೊನ್ನಾವರದ ಚಿಕ್ಕಪ್ಪ, ಅಂಕೋಲೆಗೆ ಮದುವೆಗೆ ಬಂದವರು ಹಾಗೇ ಒಂದು ಸುತ್ತು. ಬಾಳೆಹಣ್ಣಿನ ಚಿಪ್ಪುಗಳು ಸ್ಟೂಲಿನ ಮೇಲೆ ಹಣ್ಣಾಗಿ, ಕಪ್ಪಾಗಿ, ನೊಣ ಕರೆದವು. ಬಂದವರಿಗೆಲ್ಲ ಬಿದ್ದ ಕಥೆ ಮೊದಲಿಂದ ಬೇಕು. "ಸೈಕಲ್ ಹೊತ್ಕಂಡು ಸಂಕ ದಾಟೂಕೆ ಹೋಪದಾ ಮಳ್ಳೇ?" ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಆಮೇಲೆ "ಎಲ್ಲಿ, ತೋರ್ಸು ನೋಡ್ವ" ಎಂದು ಹೊದಿಕೆ ಎತ್ತುತ್ತಾರೆ. ಚಡ್ಡಿ ಹಾಕಲಾಗದೆ ಬರೀ ಒಂದು ಪಂಚೆ ಸುತ್ತಿಕೊಂಡು ಮಲಗಿದ ಹುಡುಗನ ಹೊದಿಕೆ. ಡಾಕ್ಟರರ ರೌಂಡಿನಲ್ಲೂ ಅಷ್ಟೇ, ಮಾತು ನನ್ನ ಹತ್ತಿರ, ಕೈ ಅವನ ಹೊದಿಕೆಗೆ. "ಹುಡುಗ ಮೋಷನ್ ಮಾಡಿದ್ನಾ?" ಎಂದು ನನ್ನನ್ನು ಕೇಳುತ್ತಾರೆ, ಹುಡುಗ ನಡುವೆ ಮಲಗಿಕೊಂಡು ಮೇಲಿನ ಫ್ಯಾನು ನೋಡುತ್ತಾನೆ. ಒಬ್ಬಳು ಚಿಕ್ಕ ಪ್ರಾಯದ ಡಾಕ್ಟರು ಮಾತ್ರ ಹೊದಿಕೆಯ ಅಂಚು ಹಿಡಿದು "ನೋಡ್ಲಾ?" ಎಂದು ಅವನಿಗೆ ಕೇಳಿ ಕಾದಳು. ಎರಡು ಸೆಕೆಂಡು ಇರಬಹುದು. ಅವನು ತಲೆಯಾಡಿಸಿ, ತಾನೇ ಹೊದಿಕೆಯನ್ನು ಎಷ್ಟು ಬೇಕೋ ಅಷ್ಟು ಸರಿಸಿದ.

ಆ ಎರಡು ಸೆಕೆಂಡಿನ ಮೇಲೆ ನಾನು ಒಂದು ಕಾನೂನು ಮಾಡಿದೆ. ಅವನು ಮುಖದ ಮೇಲೆ ಟವೆಲ್ ಹಾಕಿಕೊಂಡರೆ ನಿದ್ದೆ ಬಂದಿದೆ ಎಂದು ಅರ್ಥ, ಬಂದ ನೆಂಟರನ್ನು ಕಾರಿಡಾರಿನಲ್ಲೇ ಮಾತಾಡಿಸಿ ಚಾ ಕುಡಿಸಿ ಕಳಿಸುವುದು ನನ್ನ ಜವಾಬ್ದಾರಿ. ದೊಡ್ಡತ್ತೆಗೆ ಇನ್ನೂ ಬೇಜಾರಿದೆ. ಇರಲಿ.

ಆಪರೇಷನ್ನಿನ ಹಿಂದಿನ ದಿನ ಅವನು ಇದ್ದಕ್ಕಿದ್ದ ಹಾಗೆ ಊಟ ಬಿಟ್ಟ. ಬಹಳ ಹೊತ್ತಿನ ಮೇಲೆ ಬಾಯಿ ಬಿಟ್ಟ: "ರಾಡ್ ಹಾಕ್ತ್ವಡ?" ನಾನು ಫೋನಿನಲ್ಲಿ ತಂಗಿಗೆ ಪಿಸುಗುಟ್ಟಿದ್ದು ಕೇಳಿಸಿಕೊಂಡಿದ್ದ. ಅವನ ತಲೆಯಲ್ಲಿದ್ದದ್ದು ನಮ್ಮ ಹೊಸ ಕೊಟ್ಟಿಗೆಯ ಸ್ಲ್ಯಾಬಿಗೆ ಹಾಕಿದ ಕಬ್ಬಿಣದ ರಾಡು. ಎರಡು ದಿನದಿಂದ ಅದನ್ನು ತೊಡೆಯೊಳಗೆ ಹೊಡೆಯುವುದನ್ನು ಊಹಿಸಿಕೊಳ್ಳುತ್ತಾ ಮಲಗಿದ್ದಾನೆ! ಹೆದರಬಾರದೆಂದು ನಾವು ಹೇಳದೆ ಇಟ್ಟಿದ್ದೆವು.

ಮೂಳೆ ಡಾಕ್ಟರು ಸಂಜೆ ಬಂದಾಗ ನಾನು ಇದನ್ನು ಹೇಳಿದೆ. ಅವರು ಸ್ಟೂಲು ಎಳೆದು ಕೂತರು, ಅಷ್ಟರ ತನಕ ಆ ಸ್ಟೂಲಿನ ಮೇಲೆ ಬಾಳೆಹಣ್ಣು ಬಿಟ್ಟು ಬೇರೆ ಯಾರೂ ಕೂತಿರಲಿಲ್ಲ. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಅವನಿಗೇ ತೋರಿಸಿದರು. ಚೀಟಿಯ ಹಿಂದೆ ಚಿತ್ರ ಬರೆದರು. ಟೈಟೇನಿಯಂ ಮೊಳೆ ಎರಡು, ಪೆನ್ಸಿಲ್ಲಿಗಿಂತ ಸಪೂರ, ಬಿದಿರಿನ ಸಿಬಿರಿನ ಹಾಗೆ ಬಾಗುತ್ತವೆ. ಮಂಡಿಯ ಮೇಲೆ ಎರಡು ಬದಿಯಲ್ಲಿ ಸಣ್ಣ ತೂತು, ಅಲ್ಲಿಂದ ಮೂಳೆಯ ಒಳಗಿನ ಪೊಳ್ಳಿನಲ್ಲಿ ಮೇಲಕ್ಕೆ. ಮೂಳೆ ಕೂಡಿದ ಮೇಲೆ ತೆಗೆಯಬಹುದು. "ತೆಗೆದ್ಮೇಲೆ ನಂಗೆ ಕೊಡ್ತ್ರಾ?" ಎಂದು ಇವನು ಕೇಳಿದ. ಕೊಡುತ್ತೇನೆ ಎಂದರು.

ಒಪ್ಪಿಗೆಯ ಕಾಗದ ಬಂತು. 18 ತುಂಬದವರಿಗೆ ಸಹಿ ಹಾಕುವುದು ತಂದೆತಾಯಿ. ನಾನು ಹಾಕುತ್ತಿದ್ದಾಗ ಅವನು "ನಂದು ಬೇಡ್ದಾ?" ಎಂದ. ಮಾತಿಗೆ ಎಂದದ್ದು. ಡಾಕ್ಟರು ಕಾಗದವನ್ನು ಪ್ಯಾಡಿನ ಸಮೇತ ಅವನ ಎದೆಯ ಮೇಲೆ ಇಟ್ಟು, ನನ್ನ ಸಹಿಯ ಕೆಳಗೆ ಖಾಲಿ ಜಾಗ ತೋರಿಸಿದರು. ಕಾನೂನಿಗೆ ಅದು ಲೆಕ್ಕಕ್ಕಿಲ್ಲದಿರಬಹುದು. ಆದರೆ ಮಕ್ಕಳಿಗೆ ಸಂಬಂಧಿಸಿದ ವಿಷಯದಲ್ಲಿ ಅವರ ಮಾತಿಗೆ ಪ್ರಾಯಕ್ಕೆ ತಕ್ಕ ಬೆಲೆ ಕೊಡಬೇಕೆಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ. ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿದೆ. ಇಷ್ಟು ದೊಡ್ಡ ಮಾತು ಆ ದಿನ ನನಗೆ ಗೊತ್ತಿರಲಿಲ್ಲ. ನೋಟ್‌ಬುಕ್ಕಿನ ಕೊನೇ ಹಾಳೆಗಳಲ್ಲಿ ತಿಂಗಳುಗಟ್ಟಲೆ ರೂಢಿ ಮಾಡಿದ, ಬಾಲ ಸುತ್ತಿಕೊಂಡ ಆ ಹೊಸ ಸಹಿಯನ್ನು ಅವನು ಮೊದಲ ಸಲ ನಿಜವಾದ ಕಾಗದದ ಮೇಲೆ ಹಾಕುವಾಗ ನಾಲಿಗೆ ಹೊರಗೆ ಹಾಕಿದ್ದು ಮಾತ್ರ ನೋಡಿದೆ. ರಾತ್ರಿ ಉಂಡ.

ಇನ್ನು ತೋಟದ ವಿಷಯ. ನಮ್ಮ ಕಡೆಯವರಿಗೆ ಹೇಳಬೇಕಿಲ್ಲ, ಆಷಾಢ ಅಂದರೆ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಕಾಲ. ಕೊನೆಗೌಡ ಮರ ಹತ್ತಿ ಹೊಡೆಯುತ್ತಾನೆ, ಕೆಳಗೆ ಔಷಧಿ ಕೂಡಿಸುವುದು ಕಳೆದ ವರ್ಷದಿಂದ ಮಾಣಿಯ ಕೆಲಸ. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಎರಡನ್ನೂ ಬೇರೆ ಬೇರೆ ಕರಗಿಸಿ ಕೂಡಿಸುವುದು. ಹದ ಬಂತಾ ನೋಡಲು ತೊಳೆದ ಕತ್ತಿಯ ಅಲಗನ್ನು ಅದ್ದಿ ತೆಗೆಯುವುದು. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಮಿಳ್ಳೆ, ಅಂದರೆ ಎಳೆ ಅಡಿಕೆ, ಸುಟ್ಟುಹೋಗುತ್ತದೆ. ಆ ಕತ್ತಿ ಅದ್ದುವ ಅಧಿಕಾರ ಸಿಕ್ಕ ದಿನದಿಂದ ಅವನ ನಡಿಗೆಯೇ ಬೇರೆಯಾಗಿತ್ತು.

ಇವರು ಎರಡನೇ ಸಲದ ಔಷಧಿಗೆಂದು ಊರಿಗೆ ಹೋದವರು, ಅವನಿಗೆ ಖುಷಿಯಾಗಲಿ ಎಂದು ಫೋನು ಮಾಡಿ, "ಸುಣ್ಣ ಎಷ್ಟು ಹಾಕೋ ಮಾರಾಯಾ?" ಎಂದು ಕೇಳಿದರು. ಅವನು "ಒಂದ್ ಕೇಜಿ" ಎಂದು ಫೋನಿಟ್ಟ. "ಅಪ್ಪಂಗೆ ಎಲ್ಲಾ ಗೊತ್ತಿದ್ದು. ಸುಮ್ನೆ ಕೇಳ್ತಾ ಇದ್ದ." ಮುಖ ಇನ್ನೂ ಸಣ್ಣದಾಗಿತ್ತು. ಇಂಜೆಕ್ಷನ್ ಕೊಡ್ಲಾ ಎಂದು ಕೇಳಿದ ಹಾಗೆಯೇ ಇದೂ. ಮಕ್ಕಳಿಗೆ ಸುಳ್ಳು ಕೆಲಸದ ವಾಸನೆ ದೂರದಿಂದಲೇ ಬರುತ್ತದೆ.

ಆಪರೇಷನ್ ಆಗಿ ಎರಡನೇ ದಿನ ಮತ್ತೆ ಫೋನು ಬಂತು, ಈ ಸಲ ವಿಡಿಯೋ. ಮನೆಯ ಮೇಲಿನ ದಿಬ್ಬದಲ್ಲಿ ನಿಂತರೆ ಸಿಗ್ನಲ್ ಸಿಗುತ್ತದೆ, ಕೊಡೆ ಹಿಡಿದು ಅಲ್ಲಿಗೆ ಓಡಿ ಬಂದಿದ್ದರು. ಉಸಿರು ಏರಿತ್ತು. ಕೈಯಲ್ಲಿ ಕತ್ತಿ, ಅಲಗು ಕೆಂಪು. ಸುಣ್ಣ ಇನ್ನೊಂದಿಷ್ಟು ಹಾಕಿದರೂ ಕೆಂಪು ಹೋಗುತ್ತಿಲ್ಲ, ಕೊನೆಗೌಡ ಬಂದು ಕೂತಿದ್ದಾನೆ, ಮಳೆ ಹೊಳವಾದದ್ದು ಒಂದು ಗಂಟೆಗೆ. ಮಾಣಿ ತಲೆ ಎತ್ತಿ, "ಯಾವ ಸುಣ್ಣ? ಅಟ್ಟದ ಮೇಲಿನ ಚೀಲದ್ದಾ?" ಎಂದ. ಅದೇ. "ಅದು ಹೋದ್ವರ್ಷದ್ದು. ಬಾಯಿ ಕಟ್ದೇ ಇಟ್ಟಿದ್ದು, ಗಾಳಿ ಹೊಡೆದು ಸತ್ವ ಹೋಯ್ದು. ಪಂಪ್ ಮನೆ ಡ್ರಮ್ಮಿನೊಳಗೆ ಹೊಸಾದು ಇದ್ದು, ಪ್ಲಾಸ್ಟಿಕ್ ಸುತ್ತಿ ಇಟ್ಟಿದ್ದಿ." ಇಟ್ಟದ್ದು ಅವನೇ, ಬೀಳುವ ಹಿಂದಿನ ವಾರ. ಮನೆಯಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಅರ್ಧ ಗಂಟೆಯ ಮೇಲೆ ಒಂದು ಫೋಟೋ ಬಂತು, ಬೆಳ್ಳಗಿನ ಅಲಗಿನದು. ಅದನ್ನು ಅವನು ಆ ನಾಲ್ಕು ವರ್ಷದ ಹುಡುಗಿಯ ಅಜ್ಜಿಗೂ, ವಾರ್ಡ್ ಬಾಯಿಗೂ, ಬಿ.ಪಿ. ನೋಡಲು ಬಂದವರಿಗೂ ತೋರಿಸಿದ.

ಸ್ನೇಹಿತರ ಮಾತು ಬೇರೆ. ಅವರು ಘಟ್ಟದ ಮೇಲೆ, ಇವನು ಕೆಳಗೆ. ಆದರೂ ನಾವು ಪುಣ್ಯವಂತರು ಎನ್ನಬೇಕು. ಈ ಉತ್ತರ ಕನ್ನಡ ಜಿಲ್ಲೆಯಲ್ಲಿ ದೊಡ್ಡ ಕಾಯಿಲೆ ಬಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಕೂಗಿ ಕೂಗಿ ಗಂಟಲು ಒಣಗಿದೆ. 2024ರ ಜುಲೈಯಲ್ಲಿ ಅಂಕೋಲೆ ಕಡೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಮುಚ್ಚಿದಾಗ, ಆಸ್ಪತ್ರೆಗಾಗಿ ಆ ದಾರಿಯನ್ನೇ ನಂಬಿದವರ ಗತಿ ನೆನೆದರೆ ಸಾಕು. ದೂರದೂರಿನಲ್ಲಿ ಮಲಗಿದ ಮಗುವಿಗೆ ಕಾಲಿನ ಜೊತೆಗೆ ಓಣಿ, ಭಾಷೆ, ಗೆಳೆಯರ ಪಟಾಲಮ್ಮು ಎಲ್ಲವೂ ಹೋಗಿರುತ್ತವೆ. ಇವನ ಪಟಾಲಮ್ಮು ಧ್ವನಿ ಸಂದೇಶ ಕಳಿಸುತ್ತಿತ್ತು, ಅವನು ಇಯರ್‌ಫೋನ್ ಹಾಕಿ ಕೇಳಿ ಒಬ್ಬನೇ ನಗುತ್ತಿದ್ದ. ಏನು ಎಂದು ನಾನು ಕೇಳಲಿಲ್ಲ. ಕೇಳದಿರಲು ಬಹಳ ಕಷ್ಟವಾಯಿತು.

ಎದುರಿನ ಮಂಚದ ಹುಡುಗಿಗೆ 16. ಅಂಕೋಲೆ ಕಡೆಯ ಮೀನುಗಾರರ ಮನೆಯವಳು. ತೂಕ ಇಳಿದು, ಬಾಯಾರಿಕೆ ಹೆಚ್ಚಾಗಿ, ಒಂದು ದಿನ ವಾಂತಿ ಮಾಡುತ್ತಾ ಎಚ್ಚರ ತಪ್ಪಿದ ಮೇಲೆ ಟೈಪ್ 1 ಸಕ್ಕರೆ ಕಾಯಿಲೆ ಎಂದು ಗೊತ್ತಾದದ್ದು. ಬದುಕಿರುವ ತನಕ ಇನ್ಸುಲಿನ್, ದಿನಕ್ಕೆ ನಾಲ್ಕು ಸಲ. ಡಾಕ್ಟರು ಎಲ್ಲವನ್ನೂ ಅವಳ ಅಪ್ಪನಿಗೆ ವಿವರಿಸುತ್ತಿದ್ದರು. ಸಮುದ್ರದಲ್ಲಿ ಎಂಥ ಗಾಳಿಗೂ ಹೆದರದ ಮನುಷ್ಯ, ಸೂಜಿ ಹಿಡಿದರೆ ಕೈ ನಡುಗುತ್ತಿತ್ತು. ಆದರೂ ತಾನೇ ಚುಚ್ಚುತ್ತೇನೆ, ಅವಳಿಗೆ ನೋವಾಗಬಾರದು ಎಂಬ ಹಟ. ಹುಡುಗಿ ಹೊಟ್ಟೆ ತೋರಿಸಿ ಕಣ್ಣು ಮುಚ್ಚಿಕೊಂಡು ಮಲಗುತ್ತಿದ್ದಳು. ಯೂನಿಟ್ಟಿನ ಲೆಕ್ಕ ಮಾತ್ರ ಅವನಿಗಿಂತ ಮೊದಲು ಅವಳ ಬಾಯಿಗೆ ಬರುತ್ತಿತ್ತು.

ಒಂದು ಬೆಳಿಗ್ಗೆ ಅಪ್ಪ ಚಾ ತರಲು ಹೋಗಿದ್ದಾಗ ಸಿಸ್ಟರ್ ಸಿರಿಂಜನ್ನು ಅವಳ ಕೈಗೇ ಕೊಟ್ಟು, ಪಕ್ಕದಲ್ಲಿ ಕೈಕಟ್ಟಿ ನಿಂತರು. ಹುಡುಗಿ ಬಹಳ ಹೊತ್ತು ಹೊಟ್ಟೆಯ ಚರ್ಮವನ್ನು ಚಿವುಟಿ ಹಿಡಿದೇ ಇದ್ದಳು. ಆಮೇಲೆ ಒಂದೇ ಸಲಕ್ಕೆ. "ಅಪ್ಪ ಹಾಕೂದಕ್ಕಿಂತ ಉರಿ ಕಮ್ಮಿ" ಎಂದಳು, ನಮ್ಮ ಕಡೆ ನೋಡಿ. ಚಾ ಹಿಡಿದು ಬಂದ ಅಪ್ಪನ ಮುಖದಲ್ಲಿ ಹಗುರವೂ ಇತ್ತು, ಏನೋ ಕಳೆದುಕೊಂಡ ಕಳೆಯೂ ಇತ್ತು. ನನಗೆ ಆ ಕಳೆಯ ಗುರುತು ಹತ್ತಿತು, ನನ್ನ ಕೈಯಿಂದ ಚಮಚ ಹೋದಾಗಿನದು. ಇನ್ಸುಲಿನ್ ಕಂಡುಹಿಡಿದದ್ದು 1921ರಲ್ಲಿ. ಮೊದಲು ಅದನ್ನು ಚುಚ್ಚಿಸಿಕೊಂಡದ್ದು 1922ರ ಜನವರಿಯಲ್ಲಿ, ಟೊರಾಂಟೊದ ಆಸ್ಪತ್ರೆಯಲ್ಲಿ ಮಲಗಿದ್ದ 14 ವರ್ಷದ ಹುಡುಗ ಲಿಯೊನಾರ್ಡ್ ಥಾಂಪ್ಸನ್. ಅದಕ್ಕಿಂತ ಮೊದಲು ಈ ಕಾಯಿಲೆಯ ಮಕ್ಕಳಿಗೆ ಬೆಳೆಯುವ ಮಾತೇ ಇರಲಿಲ್ಲ. ಈಗ ಬೆಳೆಯುತ್ತಾರೆ, ಹಾಸ್ಟೆಲಿಗೆ ಹೋಗುತ್ತಾರೆ, ಅಪ್ಪ ಜೊತೆಗೆ ಹೋಗಲಿಕ್ಕಾಗುವುದಿಲ್ಲ. ಅವಳ ಅಮ್ಮ ನನ್ನ ಹತ್ತಿರ ಗುಟ್ಟಾಗಿ "ಮದುವೆಗೆ ತೊಂದ್ರೆ ಆಗೂದಿಲ್ವೇನ್ರಾ?" ಎಂದು ಕೇಳಿದರು. ಉತ್ತರ ಕೊಟ್ಟದ್ದು ಹುಡುಗಿಯೇ, ಮಂಚದ ಮೇಲಿಂದ, ಕೊಂಕಣಿಯಲ್ಲಿ. ನನಗೆ ಪೂರ್ತಿ ಅರ್ಥವಾಗಲಿಲ್ಲ, ಅವಳಮ್ಮ ಮತ್ತೆ ಮಾತಾಡಲಿಲ್ಲ.

ಹನ್ನೊಂದನೇ ದಿನ ಬಿಟ್ಟರು. ಜೋಳಿಗೆಯನ್ನು ವಾರ್ಡ್ ಬಾಯ್ ತಿರುಗಿ ತೆಗೆದುಕೊಳ್ಳಲಿಲ್ಲ. ಘಟ್ಟ ಹತ್ತುವಾಗ ಮಾಣಿ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತು, ಯಾವ ತಿರುವಿನಲ್ಲಿ ಗಾಡಿ ನಿಧಾನ ಮಾಡಬೇಕೆಂದು ಡ್ರೈವರನಿಗೆ ಹೇಳುತ್ತಾ ಬಂದ.

ಮನೆಯಲ್ಲಿ ಇನ್ನೊಂದು ಸುತ್ತು ಶುರುವಾಯಿತು. ನಮ್ಮದು ಕುಕ್ಕರುಗಾಲಿನಲ್ಲಿ ಕೂರುವ ಪಾಯಿಖಾನೆ, ಅದೂ ಅಂಗಳ ದಾಟಿ. ನಡುವೆ ತೂತಿರುವ ಪ್ಲಾಸ್ಟಿಕ್ ಕುರ್ಚಿ ತಂದೆವು. ಜಗಲಿಯ ಮೆಟ್ಟಿಲಿಗೆ ಹಲಗೆ ಹಾಕಿದರು, ಅಂಗಳಕ್ಕೆ ಜಾರದ ಹಾಗೆ ಅಡಿಕೆ ದಬ್ಬೆ ಹಾಸಿದರು. ಮೊದಲ ಎರಡು ವಾರ ಬಚ್ಚಲ ತನಕ ನಾನೋ ಇವರೋ ಹಿಡಿದುಕೊಂಡು ಹೋಗುತ್ತಿದ್ದೆವು, ಬಾಗಿಲು ಅರ್ಧ ತೆರೆದೇ ಇರುತ್ತಿತ್ತು. ಮೂರನೇ ವಾರ ಊರುಗೋಲಿನ ಮೇಲೆ ತಾನೇ ಹೋಗುತ್ತೇನೆ ಎಂದ. ಹೋದ. ಒಂದು ಕೋಲು, ಒಂದು ಕಾಲು, ಇನ್ನೊಂದು ಕೋಲು. ಅಂಗಳದ ನಡುವೆ ಒಮ್ಮೆ ವಾಲಿ ಸರಿಯಾದ. ನಾನು ಅಡಿಗೆಮನೆಯ ಬಾಗಿಲಲ್ಲಿ ಸೀರೆಯ ಸೆರಗು ಕಚ್ಚಿಕೊಂಡು ನೋಡುತ್ತಿದ್ದವಳು, ಅವನು ಒಳಗೆ ಹೋದ ಕೂಡಲೇ ಸದ್ದಾಗದ ಹಾಗೆ ಅಂಗಳ ದಾಟಿ ಬಚ್ಚಲಿನ ಹೊರಗೆ ನಿಂತೆ. ಒಳಗಿನಿಂದ ಅಗುಳಿ ಹಾಕಿಕೊಂಡ. ಆ ತುಕ್ಕು ಹಿಡಿದ ಅಗುಳಿ ಕಿರುಗುಟ್ಟಿದ ಶಬ್ದ ಸುಮಾರು ಒಂದು ತಿಂಗಳ ಮೇಲೆ ಕೇಳಿದ್ದು. ಬಿದ್ದರೆ ಬಾಗಿಲು ಒಡೆಯಬೇಕಾಗುತ್ತದೆ ಎಂದು ನನ್ನ ತಲೆ ಲೆಕ್ಕ ಹಾಕುತ್ತಿತ್ತು. ನೀರು ಸುರಿಯುವ ಸದ್ದು, ತಂಬಿಗೆ ಇಟ್ಟ ಸದ್ದು, ಸುಮ್ಮನೆ.

"ಅಮಾ, ಅಲ್ಲೇ ನಿಂತ್ಕಂಡಿದ್ಯ?"

"ಇಲ್ಲೆ" ಎಂದೆ.

ಒಳಗೆ ಒಂದು ಗಳಿಗೆ ತಡೆದು, ನಗು ಕೇಳಿಸಿತು.